ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಿತು, ಪೂರ್ತಿ ಇಳಿಯಿತಾ?

ಶಿರಸಿಯ ನಮ್ಮ ಮನೆ ಅಟ್ಟದಲ್ಲಿ ಅಪ್ಪಯ್ಯನ ಯಕ್ಷಗಾನ ಕ್ಯಾಸೆಟ್‌ಗಳಿದ್ದವು. ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಹಾರ್ಡ್ ಡಿಸ್ಕಿಗೂ ಹಾಕಿದ್ದೆ. ನಾಲ್ಕು ವರ್ಷ ಬಿಟ್ಟು ಒಂದು ಪ್ರಸಂಗ ಹಾಕಿದರೆ, ಚಂಡೆ ಏರುವ ಹೊತ್ತಿಗೇ ಕರಕರ. ಇನ್ನೊಂದು ಪ್ರತಿಯಲ್ಲೂ ಅದೇ ಜಾಗದಲ್ಲಿ ಕರಕರ! ಕೆಟ್ಟ ಫೈಲನ್ನೇ ಒಳ್ಳೆಯದರ ಮೇಲೆ ಕಾಪಿ ಮಾಡಿಬಿಟ್ಟಿದ್ದೆ. ಈಗ ನಾನು ಮಾಡುವ ಕ್ರಮ ಹೀಗಿದೆ.

ಮೊದಲು ಉದ್ದ ನೋಡಿ. ಸಿ-90 ಕ್ಯಾಸೆಟ್ ಒಂದು ಬದಿಗೆ 45 ನಿಮಿಷ. ಬದಿ ತುಂಬ ರೆಕಾರ್ಡ್ ಆಗಿದ್ದೂ ಫೈಲು 38 ನಿಮಿಷ ತೋರಿಸಿದರೆ ಎಲ್ಲೋ ತುಂಡಾಗಿದೆ, ಇಲ್ಲವೇ ಪ್ಲೇಯರ್ ಜೋರಾಗಿ ಓಡಿದೆ. ಜೋರಾಗಿ ಓಡಿದ್ದರೆ ಭಾಗವತರ ಸ್ವರವೂ ಏರಿರುತ್ತದೆ. ಒಂದೆರಡು ನಿಮಿಷ ಜಾಸ್ತಿ ಬಂದರೆ ಗಾಬರಿ ಬೇಡ. ಆಮೇಲೆ ಹೆಡ್‌ಫೋನ್ ಹಾಕಿ ಶುರು, ನಡು, ಕೊನೆ ಕೇಳಿ.

ಎಂಪಿ3 ಸಾಕಲ್ವಾ? ಮೊಬೈಲಿನಲ್ಲಿ ಕೇಳಲು ಸಾಕು, ಕಾದಿಡಲು ಸಾಲದು. ಜಾಗ ಉಳಿಸಲು ಅದು ಧ್ವನಿಯ ಸ್ವಲ್ಪ ಭಾಗ ಬಿಟ್ಟೇಬಿಡುತ್ತದೆ. ಫ್ಲ್ಯಾಕ್ ಎಂಬ ಇನ್ನೊಂದು ಬಗೆಯ ಫೈಲು ಏನನ್ನೂ ಬಿಡುವುದಿಲ್ಲ. ಧ್ವನಿಯನ್ನು ಕುಗ್ಗಿಸದೆ ಇಡುವ ಸಿಡಿ ಗುಣಮಟ್ಟದ ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, ಫ್ಲ್ಯಾಕ್‌ಗೆ ಹೆಚ್ಚುಕಡಿಮೆ ಅದರ ಅರ್ಧ.

ಇನ್ನು ಮುಖ್ಯ ಕೆಲಸ, ಫೈಲಿನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಇದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು ಅಂಕಿ, ಅಕ್ಷರ ಸೇರಿ 64 ಚಿಹ್ನೆಗಳ ಸಾಲು. ಫೈಲಿನಲ್ಲಿ ಒಂದೇ ಒಂದು ಬಿಟ್ (ಫೈಲಿನ ಅತಿ ಚಿಕ್ಕ ಕಣ) ಬದಲಾದರೂ ಆ ಸಾಲು ಬೇರೆಯೇ ಆಗುತ್ತದೆ. ಉಚಿತವಾಗಿ ಸಿಗುವ ತಂತ್ರಾಂಶವಾದ ಸೆವೆನ್-ಝಿಪ್‌ನ ಹೊಸ ಆವೃತ್ತಿ ಹಾಕಿಕೊಳ್ಳಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಎಂಬಲ್ಲಿಗೆ ಹೋಗಿ, ಅಲ್ಲಿ .sha256 ಎಂದಿರುವ ಸಾಲು ಒತ್ತಿದರೆ, ಎಲ್ಲ ಫೈಲುಗಳ ಗುರುತನ್ನೂ ಒಂದು ಪುಟ್ಟ ಪಟ್ಟಿಯಾಗಿ ಬರೆದಿಡುತ್ತದೆ. ಪಟ್ಟಿ ಹಾಡಿನ ಜೊತೆಗೇ ಇರಲಿ.

ಆದರೆ ಪ್ರಸಂಗ, ಭಾಗವತರ ಹೆಸರು, ಊರು, ತಾರೀಖು ಎಲ್ಲ ತುಂಬಿಸಿ ಮುಗಿದ ಮೇಲೆಯೇ ಗುರುತು ತೆಗೆಯಿರಿ. ಫೈಲಿನೊಳಗಿನ ಈ ವಿವರ ತಿದ್ದಿದರೂ ಗುರುತು ಬದಲಾಗುತ್ತದೆ. ನಾನು ಉಲ್ಟಾ ಮಾಡಿ ಸುಮ್ನೆ ಒಂದು ಭಾನುವಾರ ಹಾಳುಮಾಡಿಕೊಂಡೆ.

ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲಿ. ನನ್ನದೊಂದು ಕಾರವಾರದ ಅಕ್ಕನ ಮನೆಯಲ್ಲಿದೆ. ಅಲ್ಲಿಯ ಉಪ್ಪುಗಾಳಿ ಕಬ್ಬಿಣವನ್ನೇ ತಿನ್ನುತ್ತದೆ. ಹಾಗಾಗಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಪೆನ್‌ಡ್ರೈವ್ ಒಂದನ್ನೇ ನಂಬಿ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡಬೇಡಿ. ಗುಡುಗು-ಸಿಡಿಲಿನ ದಿನಗಳಲ್ಲಿ ಕೆಲಸ ಮುಗಿದ ಕೂಡಲೇ ಡಿಸ್ಕಿನ ವೈರ್ ತೆಗೆಯಿರಿ. ಕ್ಲೌಡ್ ಸಿಂಕ್ ಇದೆ ಎಂದು ನಿಶ್ಚಿಂತರಾಗಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ವರ್ಷಕ್ಕೊಮ್ಮೆ, ಮಳೆ ನಿಂತು ದೀಪಾವಳಿ ಬರುವ ಹೊತ್ತಿಗೆ, ಮೂರೂ ಪ್ರತಿಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಸೆವೆನ್-ಝಿಪ್ಪೇ ತಪ್ಪಿದ ಫೈಲು ಯಾವುದೆಂದು ಹೇಳುತ್ತದೆ. ಅದನ್ನು ಸರಿಯಿರುವ ಪ್ರತಿಯಿಂದ ತನ್ನಿ. ತಾಳೆ ನೋಡದೆ ಒಂದರ ಮೇಲೊಂದು ಕಾಪಿ ಮಾಡಲೇಬೇಡಿ.

ಮೂಲ ಕ್ಯಾಸೆಟ್ ಎಸೆಯಬೇಡಿ. ಅದರ ಬೆನ್ನಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರು ಮುರಿದರೆ ಯಾರೂ ಗೊತ್ತಿಲ್ಲದೆ ಮೇಲೆ ರೆಕಾರ್ಡ್ ಮಾಡಲಾಗದು. ನಮ್ಮ ಕರಕರ ಪ್ರಸಂಗ ಮತ್ತೆ ಸಿಕ್ಕಿದ್ದೂ ಅಟ್ಟದಿಂದಲೇ. "ಇರಲಿ ಬಿಡು, ಅನ್ನ ಕೇಳುತ್ತದಾ" ಎಂದು ಅಪ್ಪಯ್ಯ ಅದನ್ನು ಎಸೆಯಲು ಬಿಟ್ಟಿರಲಿಲ್ಲ.