ಮಳೆ ರಜೆಗೊಂದು ಕಾಡು: ಮಕ್ಕಳಿಗೆ ಆನ್ರಿ ರೂಸೋನ ಪರಿಚಯ

ಮಕ್ಕಳಿಗೆ ಫ್ರಾನ್ಸಿನ ಚಿತ್ರಕಾರರನ್ನು ಪರಿಚಯ ಮಾಡಿಸೋಣ ಅಂದರೆ ಜಾಸ್ತಿ ಜನ ಮೋನೆಯ ನೈದಿಲೆ ಕೊಳದಿಂದ ಶುರು ಮಾಡುತ್ತಾರೆ. ನಾನು ಆನ್ರಿ ರೂಸೋನಿಂದ ಶುರು ಮಾಡುತ್ತೇನೆ. ಮಳೆ ರಜೆ ಕೊಟ್ಟ ದಿನ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಗೆ ಅಕ್ಕಪಕ್ಕದ ಮಕ್ಕಳು ಬಂದು ಕೂರುತ್ತಾರೆ. ಎಲ್ಲರೂ 7ರಿಂದ 12 ವರ್ಷದವರು. ಅವರಿಗೆ ಎಲೆ ಗೊತ್ತು, ಬಳ್ಳಿ ಗೊತ್ತು, ಮಳೆಯಂತೂ ಹೇಳುವುದೇ ಬೇಡ. ರೂಸೋ ಬರೆದದ್ದೂ ಇವನ್ನೇ. ಫ್ರಾನ್ಸಿನ ಕ್ರಾಂತಿಯ ಪಾಠದಲ್ಲಿ ಬರುವ ರೂಸೋ ಬೇರೆ, ಇವನು ಬೇರೆ ಅಂತ ಮೊದಲೇ ಹೇಳಿಬಿಡಿ. ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ.

ಬಣ್ಣ ತೆಗೆಯುವ ಮೊದಲು ಕತೆ ಹೇಳಿ. ರೂಸೋ ಹುಟ್ಟಿದ್ದು 1844ರಲ್ಲಿ, ಲಾವಾಲ್ ಎಂಬ ಊರಿನಲ್ಲಿ. ಪ್ಯಾರಿಸ್ ಪಟ್ಟಣದೊಳಗೆ ಬರುವ ಸರಕಿಗೆ ಸುಂಕ ವಸೂಲಿ ಮಾಡುವುದು ಅವನ ಕೆಲಸ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತೀವಲ್ಲ, ಆ ಸುಂಕದ ಕೆಲಸವೇ. ಯಾವ ಚಿತ್ರಕಲಾ ಶಾಲೆಗೂ ಹೋದವನಲ್ಲ. ತಾನೇ ಕಲಿತ. 1893ರಲ್ಲಿ ಕೆಲಸ ಬಿಟ್ಟು ಪೂರ್ತಿ ಚಿತ್ರಕ್ಕೇ ಕೂತ. ಜನ ನಕ್ಕರು, ಪತ್ರಿಕೆಯವರೂ ನಕ್ಕರು. ಆತ ಮಾತ್ರ ಬಿಡಲಿಲ್ಲ. 1908ರಲ್ಲಿ ಪಿಕಾಸೋನಂಥವನೇ ಅವನ ಗೌರವಕ್ಕೆ ಊಟ ಹಾಕಿಸಿದ. ಎರಡು ವರ್ಷದ ನಂತರ ರೂಸೋ ತೀರಿಕೊಂಡ.

ಮಕ್ಕಳ ಕಣ್ಣು ಅರಳುವ ವಿಷಯ ಇನ್ನೊಂದಿದೆ. ಇಷ್ಟೆಲ್ಲ ಕಾಡು ಬರೆದವನು ಫ್ರಾನ್ಸ್ ಬಿಟ್ಟು ಹೊರಗೆ ಕಾಲಿಟ್ಟವನೇ ಅಲ್ಲ.

"ದೊಡ್ಡಮ್ಮ, ಹಂಗಾದ್ರೆ ಹುಲಿ ಎಲ್ಲಿ ನೋಡಿದ?" ಅಂತ ನಮ್ಮ ಪಕ್ಕದ ಮನೆ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪ್ಯಾರಿಸ್‌ನಲ್ಲಿ ಒಂದು ದೊಡ್ಡ ಸಸ್ಯೋದ್ಯಾನವಿದೆ, ಜಾರ್ದಾನ್ ದೆ ಪ್ಲಾಂಟ್ ಅಂತ. ಅಲ್ಲಿ ಗಾಜಿನ ಮನೆಯೊಳಗೆ ಬಿಸಿ ದೇಶದ ಗಿಡಗಳನ್ನು ಬೆಳೆಸಿದ್ದರು. ಮೃಗಾಲಯವೂ ಇತ್ತು, ಒಳಗೆ ಹುಲ್ಲು ತುಂಬಿದ ಪ್ರಾಣಿಗಳನ್ನು ಇಟ್ಟ ಸಂಗ್ರಹಾಲಯವೂ ಇತ್ತು. ಅವನ್ನೇ ನೋಡಿದ, ಪುಸ್ತಕದ ಚಿತ್ರಗಳನ್ನೂ ನೋಡಿದ. ಉಳಿದದ್ದು ಮನಸ್ಸಿನಿಂದ. ಹಾಗೆ ನೋಡಿದರೆ ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಸಫಾರಿಯಲ್ಲಿ ಹುಲಿ ನೋಡಿ ಬಂದಿರುವ, ಮನೆ ಹಿಂದೆಯೇ ಕಾಡಿರುವ ನಮ್ಮ ಮಕ್ಕಳ ಹತ್ತಿರ ಅವನಿಗಿಂತ ಜಾಸ್ತಿ ಬಂಡವಾಳವಿದೆ.

ತೋರಿಸುವುದಕ್ಕೆ ಒಂದೇ ಚಿತ್ರ ಸಾಕು. 1891ರ ಹುಲಿ ಚಿತ್ರ, ಅವನ ಮೊದಲ ಕಾಡು. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಿರುಗಾಳಿ, ಮಿಂಚು, ಬಾಗಿದ ಮರಗಳು, ಹುಲ್ಲಿನ ನಡುವೆ ಹಲ್ಲು ಕಿರಿದ ಹುಲಿ. ಮೊಬೈಲ್‌ನಲ್ಲಿ ಅಂಗೈಯಷ್ಟು ಕಾಣುತ್ತದೆ, ಅದು ಸಾಲದು. ಟೇಪ್ ಹಿಡಿದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ 130 ಸೆಂಟಿಮೀಟರ್ ಎತ್ತರ, 162 ಸೆಂಟಿಮೀಟರ್ ಅಗಲದ ಚೌಕಟ್ಟು ಹಾಕಿ. ಚಿತ್ರ ಹೆಚ್ಚು ಕಡಿಮೆ ಅಷ್ಟಿದೆ. ಮಕ್ಕಳು ಹೋಗಿ ಅದರೊಳಗೆ ನಿಂತುಕೊಳ್ಳುತ್ತಾರೆ. ಆಮೇಲೆ ಕೇಳಿ: ಹುಲಿ ಹೆದರಿದೆಯಾ, ಹಾರೋಕೆ ಹೊರಟಿದೆಯಾ? ಉತ್ತರ ನೀವು ಹೇಳಬೇಡಿ. ಜಗಳ ಆಗಲಿ. ಚೆನ್ನಾಗಿ ನೋಡಿ ಮುಗಿದ ಮೇಲೆ ಮೊಬೈಲ್ ಒಳಗಿಡಿ. ಎದುರಿಗಿದ್ದರೆ ನಕಲು ಮಾಡುತ್ತಾರೆ. ನಮಗೆ ಬೇಕಾದದ್ದು ಅವನ ರೀತಿ, ಅವನ ಹುಲಿಯಲ್ಲ.

ಇನ್ನು ಎಲೆ. ಹಿತ್ತಲಿಂದ ತಲಾ ಐದಾರು ಬಗೆ ತರಲಿ: ಹಲಸು, ಅರಿಶಿನ, ಬಾಳೆಯ ಚೂರು, ಕಾಳುಮೆಣಸು, ಜರಿಗಿಡ, ಅಡಿಕೆ ಸೋಗೆಯ ತುದಿ. ಜಗಲಿ ಹತ್ತುವ ಮೊದಲು ಕಾಲಲ್ಲಿ ಉಂಬಳ ಇದೆಯಾ ನೋಡಿಕೊಳ್ಳಿ.

ಈಗ ಪೋಸ್ಟರ್ ಕಲರ್ ಡಬ್ಬಿಯಿಂದ ಹಸಿರು ಬಾಟಲಿಯನ್ನು ಎತ್ತಿಟ್ಟುಬಿಡಿ. ಇಡೀ ಪಾಠದಲ್ಲಿ ನನಗೆ ಮುಖ್ಯವಾದದ್ದು ಇದೇ. ಬಾಟಲಿಯ ಹಸಿರು ಯಾವ ಗಿಡದಲ್ಲೂ ಇಲ್ಲ. ಆದರೂ ಮಕ್ಕಳ ಕೈ ಮೊದಲು ಅದಕ್ಕೇ ಹೋಗುತ್ತದೆ. ರೂಸೋನ ಕಾಡಿನಲ್ಲಿ ಒಂದೊಂದು ಎಲೆಗೂ ಒಂದೊಂದು ಹಸಿರು. ಅದನ್ನು ಮಕ್ಕಳೇ ಕಲೆಸಬೇಕು. ನಿಂಬೆ ಹಳದಿಗೆ ಚೂರೇ ಚೂರು ನೀಲಿ ಸೇರಿಸಿದರೆ ಬಾಳೆ ಸುಳಿಯ ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ಮೆಣಸಿನ ಬಳ್ಳಿಯ ಕಡು ಹಸಿರು. ಅದಕ್ಕೇ ಒಂದು ಚುಕ್ಕೆ ಕೆಂಪು ಬಿದ್ದರೆ ಹಳೇ ಹಲಸಿನೆಲೆ. ಬಿಳಿ ಬೆರೆತರೆ ಎಲೆಯ ಬೆನ್ನಿನ ಬಣ್ಣ. ಹಳದಿಗೆ ನೀಲಿಯ ಬದಲು ಕಪ್ಪು ಹಾಕಿ ತೋರಿಸಿ, ಪಾಚಿ ಹಸಿರು ಬರುತ್ತದೆ. ಕಪ್ಪಿನಿಂದ ಹಸಿರು ಬಂದದ್ದು ನೋಡಿ ಮಕ್ಕಳು ಮತ್ತೆ ಮತ್ತೆ ಮಾಡುತ್ತಾರೆ, ಮಾಡಲಿ. ಯಾವಾಗಲೂ ಹಳದಿಗೆ ಕಡು ಬಣ್ಣ ಹಾಕಬೇಕು, ತಿರುಗಿಸಿ ಹಾಕಿದರೆ ಹಳದಿ ಬಾಟಲಿಯೇ ಖಾಲಿ.

ಬಣ್ಣ ಸರಿ ಬಂತಾ ಅಂತ ತಿಳಿಯಲು ಎಲೆಯ ಮೇಲೇ ಒಂದು ಚುಕ್ಕೆ ಇಡಿ. ಚುಕ್ಕೆ ಎಲ್ಲಿದೆ ಅಂತ ಹುಡುಕುವ ಹಾಗಾದರೆ ಸರಿಯಾಯಿತು. ಕೆಸುವಿನೆಲೆ ಮಾತ್ರ ಇದಕ್ಕೆ ಬೇಡ, ನೀರಿನ ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಅರ್ಧ ದಿನ ಇದರಲ್ಲೇ ಹೋದರೂ ಅವಸರ ಮಾಡಬೇಡಿ.

ಚಿತ್ರಕ್ಕೆ ದಪ್ಪ ಡ್ರಾಯಿಂಗ್ ಶೀಟ್ ಇರಲಿ, ಆದಷ್ಟೂ ದೊಡ್ಡದು. ರೂಸೋನ ಕಾಡು ಪದರ ಪದರವಾಗಿದೆ. ಹಾಗಾಗಿ ಹಿಂದಿನದನ್ನು ಮೊದಲು ಹಚ್ಚಬೇಕು. ಮೊದಲು ಆಕಾಶ, ಬೂದಿ ಬಣ್ಣ ಇರಲಿ. ಅದು ಒಣಗಿದ ಮೇಲೆ ಹಿಂದಿನ ಮರಗಳು. ಆಮೇಲೆ ಪ್ರಾಣಿ. ಕೊನೆಗೆ ಮುಂದಿನ ಎಲೆಗಳು, ಪ್ರಾಣಿಯ ಕಾಲು, ಹೊಟ್ಟೆಯ ಮೇಲೆ ಹಾದುಹೋಗುವ ಹಾಗೆ. ಇಲ್ಲೇ ಮಕ್ಕಳು ತಡೆಯುತ್ತಾರೆ. ಕಷ್ಟಪಟ್ಟು ಬರೆದ ಹುಲಿಯನ್ನು ಮುಚ್ಚಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಒಂದು ಎಲೆ ಕತ್ತರಿಸಿ ಹುಲಿಯ ಮೇಲೆ ಸುಮ್ನೆ ಇಟ್ಟು ತೋರಿಸಿ. ಹುಲಿ ಹಿಂದಕ್ಕೆ ಸರಿದು ಕಾಡಿನೊಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒಪ್ಪುತ್ತಾರೆ.

ಎಲೆಯ ಅಂಚು ಸ್ಪಷ್ಟವಾಗಿರಲಿ, ನಡುವಿನ ನರವೂ ಬರಲಿ. ರೂಸೋ ಮಸುಕು ಮಾಡುವವನಲ್ಲ. ಬೇಕಾದರೆ ನಿಜವಾದ ಎಲೆ ಇಟ್ಟು ಸುತ್ತ ಗೆರೆ ಎಳೆದುಕೊಳ್ಳಲಿ, ಅದರಲ್ಲಿ ತಪ್ಪೇನೂ ಇಲ್ಲ. ಅಳತೆ ಮಾತ್ರ ತಿದ್ದಬೇಡಿ. ಮರಕ್ಕಿಂತ ಹೂವು ದೊಡ್ಡದಾಗಿದ್ದರೆ ಇರಲಿ. ಅವನ ಚಿತ್ರದಲ್ಲೂ ಹಾಗೇ ಇದೆ, ಅದೇ ಅದರ ಸೊಗಸು.

ಮಳೆಗಾಲದಲ್ಲಿ ನಮ್ಮಲ್ಲಿ ಬಣ್ಣ ಬೇಗ ಒಣಗುವುದಿಲ್ಲ. ಪದರದ ಮೇಲೆ ಪದರ ಹಸಿಯಲ್ಲೇ ಹಚ್ಚಿದರೆ ಎಲ್ಲ ಕಲೆಸಿ ಕೆಸರಾಗುತ್ತದೆ. ಬಚ್ಚಲೊಲೆಯ ಹತ್ತಿರ, ಬಟ್ಟೆ ಒಣಗಿಸುವ ದೂರದಲ್ಲಿ, ನೀವೇ ಇಟ್ಟು ತನ್ನಿ. ಆ ಹೊತ್ತಿಗೆ ಮಕ್ಕಳಿಗೆ ಹಪ್ಪಳ ಸುಟ್ಟುಕೊಟ್ಟರಾಯಿತು.

ಎಲ್ಲ ಒಣಗಿದ ಮೇಲೆ ಮಳೆ. ರೂಸೋ ಇಡೀ ಚಿತ್ರದ ಮೇಲೆ ತೆಳುವಾದ ಬೆಳ್ಳಿ ಬಣ್ಣದ ಓರೆ ಗೆರೆಗಳನ್ನು ಎಳೆದಿದ್ದಾನೆ, ಹಿಂದಿನದೆಲ್ಲ ಅದರೊಳಗಿಂದ ಕಾಣುತ್ತದೆ. ಬಿಳಿಗೆ ಚೂರು ಕಪ್ಪು ಬೆರೆಸಿ, ನೀರು ಸೇರಿಸಿ, ಸಣ್ಣ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಎಳೆಯಲು ಹೇಳಿ. ನೀರು ಎಷ್ಟು ಅಂತ ಬೇರೆ ಕಾಗದದ ಮೇಲೆ ನೋಡಿಕೊಳ್ಳಲಿ. ಗೆರೆ ಕೈ ಎತ್ತದೆ, ಬೇಗ ಬೇಗ ಬರಬೇಕು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಆಗುಂಬೆಯ ಪಕ್ಕದವರಿಗೆ ಮಳೆ ಯಾವ ಕಡೆಗೆ ಬಾಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ.

ಹುಲಿಯೇ ಬೇಕು ಅಂತಿಲ್ಲ. ಕಾಟಿ, ಮಂಗಟ್ಟೆ ಹಕ್ಕಿ, ಕೆಂದಳಿಲು, ಮನೆಯ ಬೆಕ್ಕು, ಯಾವುದಾದರೂ ಆದೀತು. ನನ್ನದು ಒಂದೇ ಷರತ್ತು: ಅರ್ಧಕ್ಕರ್ಧ ಎಲೆಯ ಹಿಂದೆ ಇರಬೇಕು.