ಸಿಂಗಲ್ ಓಟಿ ಡಬಲ್ ಆಯ್ತು: ಪೀಣ್ಯದಲ್ಲಿ ನಮ್ಮ ಅನುಭವ

ಪೀಣ್ಯದ ಒಂದು ಮೆಷಿನ್ ಶಾಪಲ್ಲಿ ಸಿಎನ್‌ಸಿ (ಕಂಪ್ಯೂಟರ್ ಕಂಟ್ರೋಲ್ ಮೆಷಿನ್) ಓಡಿಸ್ತೀನಿ. ಓಟಿಗೆ, ಅಂದ್ರೆ ಶಿಫ್ಟ್ ಮೀರಿ ಮಾಡೋ ಓವರ್‌ಟೈಮ್‌ಗೆ, ಡಬಲ್ ಸಂಬಳ ಅಂತ ಎಲ್ರಿಗೂ ಗೊತ್ತು, ಯಾರಿಗೂ ಬರಲ್ಲ, ಕೇಳೋಕೆ ಹೋದ್ರೆ "ಸುಮ್ನಿರು ಗುರು, ಇರೋ ಓಟಿನೂ ಕಟ್ ಮಾಡ್ತಾರೆ" ಅಂತ ಸೀನಿಯರ್‌ಗಳೇ ಬಾಯಿ ಮುಚ್ಚಿಸ್ತಿದ್ರು. ಈಗ ಅವ್ರ ಅಕೌಂಟಿಗೂ ದುಡ್ಡು ಬಿದ್ದಿದೆ, ಅದಕ್ಕೆ ಬರೀತಿದೀನಿ.

ಕಂಪನಿ ಆಟ ಎಲ್ಲಿತ್ತು ಅಂದ್ರೆ, ಬೇಸಿಕ್ಕು ಡಿಎ (ತುಟ್ಟಿಭತ್ಯೆ) ಎರಡೇ ತಗೊಂಡು, ಸುಮಾರು 14 ಸಾವ್ರ, 30 ದಿನಕ್ಕೆ ಭಾಗ್ಸಿ, ಗಂಟೆಗೆ 58 ರೂಪಾಯಿ ಕೊಡ್ತಿದ್ರು, ಅದೂ ಸಿಂಗಲ್. ಫ್ಯಾಕ್ಟರಿ ಕಾಯ್ದೆ 59ನೇ ಸೆಕ್ಷನ್ನಲ್ಲಿ ಓಟಿ ಲೆಕ್ಕಕ್ಕೆ ಅಲೋವೆನ್ಸ್‌ಗಳೂ ಸೇರ್ತಿದ್ವು, ಬೋನಸ್ಸು ಮತ್ತೆ ಓಟಿ ಮಾತ್ರ ಹೊರಗೆ. ಎಲ್ಲ ಸೇರ್ಸಿ 18 ಸಾವ್ರ, 26 ಕೆಲ್ಸದ ದಿನಕ್ಕೆ ಭಾಗ್ಸಿ 8 ಗಂಟೆಗೆ ಭಾಗ್ಸಿದ್ರೆ 86 ಚಿಲ್ರೆ, ಡಬಲ್ ಮಾಡಿದ್ರೆ 173. ಅಂದ್ರೆ ಗಂಟೆಗೆ 115 ರೂಪಾಯಿ ಹೋಗ್ತಿತ್ತು, ತಿಂಗಳಿಗೆ ಐವತ್ತು ಗಂಟೆ ಮೇಲೆ ಓಟಿ, ನೀವೇ ಲೆಕ್ಕ ಹಾಕ್ಕೊಳ್ಳಿ. ಸ್ಲಿಪ್ಪಲ್ಲಿ ಓಟಿ ಅಂತ ಕಾಲಮ್ಮೇ ಇಲ್ಲ, "ಪ್ರೊಡಕ್ಷನ್ ಇನ್ಸೆಂಟಿವ್" ಅಂತೆ! ಕ್ವಾರ್ಟರ್‌ಗೆ ಓಟಿ ಮಿತಿ 75 ಗಂಟೆ ಇದ್ದಿದ್ದನ್ನ 2023ರ ಕರ್ನಾಟಕ ತಿದ್ದುಪಡಿ ಸುಮಾರು ಎರಡರಷ್ಟು ಮಾಡ್ತು, ನಮ್ದು ಅದನ್ನೂ ದಾಟ್ತಿತ್ತು, ಓಟಿ ಅಂತ ತೋರ್ಸಿದ್ರೆ ಅವ್ರೇ ಸಿಕ್ಕಾಕೋತಾರೆ.

ಎಚ್‌ಆರ್ ಹತ್ರ ಹೋದ್ರೆ ಅಪಾಯಿಂಟ್‌ಮೆಂಟ್ ಲೆಟರ್ ತೆಗ್ದು ತೋರ್ಸಿದ್ರು, "ಓಟಿ ಕಂಪನಿ ನಿಯಮದಂತೆ", ಕೆಳಗೆ ನನ್ ಸೈನು. ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಯಾವನೋ ಸ್ಕ್ರೀನ್‌ಶಾಟ್ ಸೂಪರ್‌ವೈಸರ್‌ಗೆ ಕಳ್ಸಿದ, ಇಬ್ರು ಪರ್ಮನೆಂಟಾಗಿ ನೈಟ್ ಶಿಫ್ಟಿಗೆ ಹೋದ್ರು. ವಕೀಲ್ರು ಅಡ್ವಾನ್ಸೇ 15 ಸಾವ್ರ ಕೇಳಿದ್ರು, ಬಂದಿದ್ರಲ್ಲಿ ಪಾಲು ಬೇರೆ, ನಮಸ್ಕಾರ ಹೇಳಿ ಬಂದೆ.

ಆಮೇಲೆ ವೇತನ ಪಾವತಿ ಕಾಯ್ದೆ ಹಿಡ್ಕೊಂಡೆ. ಅದ್ರ 23ನೇ ಸೆಕ್ಷನ್ ಪ್ರಕಾರ ಆ ಕಾಯ್ದೆ ಕೊಟ್ಟಿರೋ ಹಕ್ಕನ್ನ ಬಿಟ್ಕೊಡ್ತೀನಿ ಅಂತ ಎಷ್ಟೇ ಸೈನ್ ಹಾಕಿಸ್ಕೊಂಡ್ರೂ ಅದು ಲೆಕ್ಕಕ್ಕಿರ್ಲಿಲ್ಲ. ಏಳೆಂಟು ಜನ ಸೇರಿ ಒಂದೇ ಅರ್ಜಿ ಹಾಕ್ಬಹುದಿತ್ತು, ಹಾಗೇ ಹಾಕಿದ್ವಿ, ಆಗ ಒಬ್ಬನನ್ನ ಟಾರ್ಗೆಟ್ ಮಾಡೋದು ಕಷ್ಟ. ಹನ್ನೆರಡು ತಿಂಗಳ ಗಡುವು ಇತ್ತು, ಅದಕ್ಕೇ ಅವಸರ ಮಾಡಿದ್ದು.

ಸಾಕ್ಷಿಗೆ ಏನೇನೋ ಟ್ರೈ ಮಾಡ್ದೆ. ಗೂಗಲ್ ಟೈಮ್‌ಲೈನ್ ಪ್ರಿಂಟ್ ತಗೊಂಡೋದೆ, "ಅಲ್ಲಿದ್ದೆ ಅಂತ ಗೊತ್ತಾಗುತ್ತೆ, ಕೆಲ್ಸ ಮಾಡ್ದೆ ಅಂತ ಎಲ್ಲಿದೆ" ಅಂದ್ರು ಅರ್ಜಿ ವಿಚಾರಣೆ ಮಾಡೋ ಅಧಿಕಾರಿ. ಶಿಫ್ಟ್ ಮುಗ್ದಾಗ ಕಂಟ್ರೋಲರ್ ಸ್ಕ್ರೀನಲ್ಲಿ ಪಾರ್ಟ್ ಕೌಂಟು ಟೈಮು ಎರಡೂ ಬರೋ ಹಾಗೆ ಫೋಟೋ ಹೊಡಿತಿದ್ದೆ, ಅದು ಪರ್ವಾಗಿಲ್ಲ. ಪಂಚಿಂಗ್ ಡೇಟಾನೂ ಸಿಕ್ತು, ಹೇಗೆ ಅಂತ ಮಾತ್ರ ಕೇಳ್ಬೇಡಿ.

ನಿಜವಾಗಿ ಕೆಲ್ಸಕ್ಕೆ ಬಂದಿದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ). ಆಗ 21 ಸಾವ್ರದ ಸಂಬಳದ ಮಿತಿ ನೋಡೋವಾಗ ಓಟಿ ಲೆಕ್ಕಕ್ಕಿರ್ಲಿಲ್ಲ, ಆದ್ರೆ ವಂತಿಗೆ ಓಟಿ ದುಡ್ಡಿನ ಮೇಲೂ ಕಟ್ಬೇಕಿತ್ತು, ನಮ್ದು 0.75, ಅವರ್ದು 3.25 ಪರ್ಸೆಂಟ್. ಪೋರ್ಟಲಲ್ಲಿ ನನ್ ಕಾಂಟ್ರಿಬ್ಯೂಷನ್ ಹಿಸ್ಟರಿ ತೆಗ್ದು ನೋಡಿದ್ರೆ ಪ್ರತಿ ತಿಂಗ್ಳೂ ಅದೇ 18 ಸಾವ್ರ! ಬ್ಯಾಂಕಿಗೆ ಬಂದಿದ್ದು ಒಂದು, ಸರ್ಕಾರಕ್ಕೆ ತೋರ್ಸಿದ್ದು ಒಂದು. ಅಲ್ಲಿವರ್ಗೂ ಡೇಟ್ ಮೇಲೆ ಡೇಟ್ ಕೇಳ್ತಿದ್ದ ಅವ್ರ ಕನ್ಸಲ್ಟೆಂಟ್, ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟ ದಿನ ಹೊರಗೆ ಕರ್ದು ಟೀ ಕುಡಿಸಿ ಸೆಟ್ಲ್‌ಮೆಂಟ್ ಅಂದ. ತಲಾ 55 ಸಾವ್ರದ ಹತ್ರ ಬಂತು, ನಮ್ ಖರ್ಚು ಜೆರಾಕ್ಸು, ಸ್ಪೀಡ್ ಪೋಸ್ಟು, ರಜೆ ಹಾಕಿದ್ದು ಎಲ್ಲ ಸೇರಿ ತಲೆಗೆ ಎರಡು ಸಾವ್ರ ಇರ್ಬಹುದು. ಪೂರ್ತಿ ಬರ್ಬೇಕಿತ್ತು ಅಂತ ಕೆಲವ್ರ ಗೊಣಗಾಟ ಇನ್ನೂ ಇದೆ, ಮಾಡೋಕ್ ಬಿಟ್ಟಿದ್ದು ಮಾತ್ರ ನನ್ನೊಬ್ಬನ್ನೇ.

2025 ನವೆಂಬರ್ 21ರಿಂದ ಈ ಹಳೇ ಕಾಯ್ದೆಗಳ ಬದ್ಲು ಹೊಸ ಕಾರ್ಮಿಕ ಕೋಡ್‌ಗಳು ಬಂದಿವೆ. ಡಬಲ್ ಹಾಗೇ ಇದೆ, ಕ್ಲೇಮ್ ಗಡುವು ಮೂರು ವರ್ಷ ಆಗಿದೆ. ಆದ್ರೆ ವೇತನದ ವ್ಯಾಖ್ಯೆ ಬದಲಾಗಿದೆ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತರದವು ಹೊರಗೆ, ಹೊರಗಿಟ್ಟಿದ್ದು ಅರ್ಧಕ್ಕಿಂತ ಜಾಸ್ತಿ ಆದ್ರೆ ಆ ಜಾಸ್ತಿದು ವಾಪಸ್ ಸೇರುತ್ತೆ, ಹಾಗಾಗಿ ನನ್ 173ರ ಲೆಕ್ಕನ ಹಾಗೇ ಕಾಪಿ ಹೊಡಿಬೇಡಿ. ಸ್ಲಿಪ್ ಮಾತ್ರ ಒಂದೂ ಎಸೀಬೇಡಿ. ನಮ್ ಪೈಕಿ ಒಬ್ಬನ ಹತ್ರ ನಾಲ್ಕು ತಿಂಗಳ ಸ್ಲಿಪ್ ಇರ್ಲಿಲ್ಲ, ಅವನಿಗೆ ಬಂದಿದ್ದು ಮೂವತ್ತೈದೇ ಸಾವ್ರ.