ಫೇರ್‌ಫರ್ಡ್ ಚರ್ಚಿನಲ್ಲಿ ಬಿಸಿಲಿನ ಹಿಂದೆ ಒಂದು ದಿನ

ಮೊದಲ ಸಲ ಹೋದಾಗ ಇಪ್ಪತ್ತು ನಿಮಿಷ ಇದ್ದೆ, ಅಷ್ಟೇ. ಹೊರಗೆ ಸೋನೆ ಮಳೆ, ಒಳಗೆ ಅರೆಗತ್ತಲು. ಮೊಬೈಲ್ ಎತ್ತಿ ಒಂದೊಂದೇ ಕಿಟಕಿಯ ಫೋಟೋ ತೆಗೆದೆ, ಹುಂಡಿಗೆ ಎರಡು ಪೌಂಡ್ ಹಾಕಿದೆ, ಬಂದೆ. ಮನೆಗೆ ಬಂದು ನೋಡಿದರೆ ಎಲ್ಲಾ ಫೋಟೋನೂ ಒಂದೇ ತರ. ಸುತ್ತ ಕಪ್ಪು ಗೋಡೆ, ನಡುವೆ ಮಂಕು ಬಣ್ಣದ ಚೌಕ.

ಆ ಚರ್ಚು ಅಂಥದ್ದಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಫೇರ್‌ಫರ್ಡ್ ಅಂತ ಒಂದು ಸಣ್ಣ ಊರು. ನಾನಿರುವ ಸ್ವಿಂಡನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ 28 ಕಿಟಕಿಗಳಿವೆ. 1500ರಿಂದ 1517ರ ಸುಮಾರಿಗೆ ಮಾಡಿದ ಬಣ್ಣದ ಗಾಜು ಆ 28ರಲ್ಲೂ ಉಳಿದಿದೆ. ಆ ಕಾಲದ ಗಾಜು ಹೀಗೆ ಪೂರ್ತಿಯಾಗಿ ಉಳಿದಿರುವ ಊರ ಚರ್ಚು ಇಡೀ ಇಂಗ್ಲೆಂಡಿನಲ್ಲಿ ಇದೊಂದೇ. ಅದನ್ನು ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಬಂದಿದ್ದೆ!

ಮುಂದಿನ ಸೆಪ್ಟೆಂಬರ್‌ಗೆ ಹಾಸನದಿಂದ ಅಮ್ಮ ಬಂದಿದ್ದಳು. ಅದೇ ಹೊತ್ತಿಗೆ ಹೆರಿಟೇಜ್ ಓಪನ್ ಡೇಸ್. 1994ರಲ್ಲಿ ಶುರುವಾದ ಹಬ್ಬ ಇದು. ಪ್ರತಿ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಉದ್ದಗಲಕ್ಕೂ ಹಳೇ ಕಟ್ಟಡಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಬೇರೆ ದಿನ ಬೀಗ ಹಾಕಿರುವ ಜಾಗಗಳಿಗೆ ಇದು ದೊಡ್ಡ ಅವಕಾಶ. ಆದರೆ ಫೇರ್‌ಫರ್ಡಿನಂಥ ಚರ್ಚು ಬೇರೆ ದಿನವೂ ತೆರೆದೇ ಇರುತ್ತದಲ್ಲ, ಓಪನ್ ಡೇಗೇ ಯಾಕೆ ಹೋಗಬೇಕು? ಜನಕ್ಕೋಸ್ಕರ. ಕೇಳಿದ್ದಕ್ಕೆ ಉತ್ತರ ಹೇಳಲೆಂದೇ ಊರಿನವರು ಒಳಗೆ ಕೂತಿರುತ್ತಾರೆ. ಗೈಡ್ ಪುಸ್ತಕಕ್ಕಿಂತ ಅವರೇ ವಾಸಿ.

ಈ ಸಲ ತಯಾರಿ ಮಾಡಿಕೊಂಡೆ. ಮೋಡ ಇಲ್ಲದ ದಿನ ಆರಿಸಿದೆ. ಹಕ್ಕಿ ನೋಡೋಕೆ ಇಟ್ಟುಕೊಂಡಿದ್ದ ಬೈನಾಕ್ಯುಲರ್ ತಗೊಂಡೆ. ಇಬ್ಬರಿಗೂ ಸ್ವೆಟರ್ ಇಟ್ಟುಕೊಂಡೆ, ಹೊರಗೆ ಬಿಸಿಲಿದ್ದರೂ ಕಲ್ಲಿನ ಚರ್ಚಿನೊಳಗೆ ಚಳಿ ಹೋಗಿರಲ್ಲ. ಆ ದಿನ ಮದುವೆ, ಪ್ರಾರ್ಥನೆ ಏನಾದರೂ ಇದೆಯಾ ಅಂತ ಮೊದಲೇ ನೋಡಿಕೊಂಡೆ. ಹತ್ತು ಗಂಟೆಗೆಲ್ಲ ಬಾಗಿಲಲ್ಲಿದ್ದೆವು.

ಅಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. "ಇಲ್ಲಿ ಬಿಡೋದು ಬೇಡ ಅಮ್ಮ" ಅಂದೆ. "ದೇವರ ಮನೆ ಕಣೋ" ಅಂತ ಬರಿಗಾಲಲ್ಲೇ ಒಳಗೆ ಹೋದಳು. ಐದು ನಿಮಿಷಕ್ಕೆ ಕಾಲು ಮರಗಟ್ಟಿ ವಾಪಸ್ ಬಂದು ಹಾಕಿಕೊಂಡಳು.

ಒಳಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು, ವಾಲಂಟಿಯರ್. ಎಷ್ಟು ಹೊತ್ತು ಇರುತ್ತೀರಿ ಅಂತ ಕೇಳಿದರು. ಸಂಜೆವರೆಗೂ ಅಂದೆ. ಅವರ ಮುಖ ಅರಳಿತು. ಹಾಗಾದರೆ ಬಿಸಿಲಿನ ಹಿಂದೆ ಹೋಗಿ, ಯಾವ ಗೋಡೆಗೆ ಬಿಸಿಲು ಬೀಳುತ್ತದೋ ಆ ಕಿಟಕಿ ನೋಡಿ, ಫೋಟೋ ಆಮೇಲೆ ತೆಗೀಬಹುದು ಅಂದರು. ನನ್ನ ಮೊದಲ ಭೇಟಿ ಯಾಕೆ ಕೆಟ್ಟಿತು ಅಂತ ಆಗ ಗೊತ್ತಾಯಿತು.

ಕಿಟಕಿಗಳಿಗೆ ಒಂದು ಕ್ರಮ ಇದೆ. ಉತ್ತರದ ಗೋಡೆಯಲ್ಲಿ ಈವ್ ಹಣ್ಣು ಕೀಳುವಲ್ಲಿಂದ ಕಥೆ ಶುರು. ಪೂರ್ವಕ್ಕೆ ಬಂದರೆ ಮೇರಿಯ ಕಥೆ, ಯೇಸುವಿನ ಹುಟ್ಟು, ನಡುವಿನ ದೊಡ್ಡ ಕಿಟಕಿಯಲ್ಲಿ ಶಿಲುಬೆ. ದಕ್ಷಿಣದಲ್ಲಿ ಹನ್ನೆರಡು ಶಿಷ್ಯರು. ಪಶ್ಚಿಮದಲ್ಲಿ ಕೊನೆಯ ತೀರ್ಪು. ಅಲ್ಲಿಂದ ತಿರುಗಿ ಉತ್ತರಕ್ಕೆ ಬಂದರೆ ಶಿಷ್ಯರಿಗೆ ಎದುರಾಗಿ ಹನ್ನೆರಡು ಪ್ರವಾದಿಗಳು. ನಾನು ಕೈಯಲ್ಲಿ ತೋರಿಸುತ್ತಾ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ನಡುವೆ ತಡೆದಳು. "ಪ್ರದಕ್ಷಿಣೆ ಅಲ್ವೇನೋ ಇದು?" ಹೌದಲ್ಲ! ಎಡದಿಂದ ಬಲಕ್ಕೆ ಒಂದು ಪೂರ್ತಿ ಸುತ್ತು. ಆ ವಾಲಂಟಿಯರ್ ಹೆಂಗಸಿಗೆ ನಾನು ಇದನ್ನು ಹೇಳಿದಾಗ ಅವರು ಆ ಪದವನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು.

ಬೆಳಗ್ಗೆ ಪೂರ್ವದ ಕಿಟಕಿಗಳ ಮುಂದೆಯೇ ಕೂತೆವು. ಇಲ್ಲೇ ಬೈನಾಕ್ಯುಲರ್ ಕೆಲಸಕ್ಕೆ ಬಂದದ್ದು. ಬರಿಗಣ್ಣಿಗೆ ಕಂದು ಗಡ್ಡ ಅಷ್ಟೇ. ಹತ್ತಿರ ತಂದು ನೋಡಿದರೆ ಒಂದೊಂದು ಕೂದಲೂ ಬೇರೆ ಬೇರೆ. ಗಾಜಿನ ಮೇಲೆ ಕಂದು ಬಣ್ಣ ಬಳಿದು, ಒಣಗಿದ ಮೇಲೆ ಕಡ್ಡಿಯಿಂದ ಕೆರೆದು ಬೆಳಕು ಬರೋ ಹಾಗೆ ಮಾಡುತ್ತಿದ್ದರಂತೆ. ಆಮೇಲೆ ಕುಲುಮೆಗೆ ಹಾಕಿ ಸುಟ್ಟರೆ ಬಣ್ಣ ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಿರೀಟ, ಕೂದಲಿನ ಹಳದಿ ಬಂದಿರುವುದು ಬೆಳ್ಳಿಯಿಂದ. ಬೆಳ್ಳಿಯ ಲವಣ ಬಳಿದು ಸುಟ್ಟರೆ ಗಾಜು ನಿಂಬೆ ಹಳದಿಯಿಂದ ಜೇನಿನ ಬಣ್ಣದವರೆಗೆ ತಿರುಗುತ್ತದೆ. ಕೆಂಪಿನ ಕಥೆ ಇನ್ನೂ ಮಜಾ. ಪೂರ್ತಿ ಕೆಂಪು ಗಾಜು ಮಾಡಿದರೆ ಬೆಳಕೇ ದಾಟದಷ್ಟು ಕಪ್ಪಾಗುತ್ತದೆ. ಅದಕ್ಕೆ ಬಿಳಿ ಗಾಜಿನ ಮೇಲೆ ಕೆಂಪಿನದು ತೆಳ್ಳಗೆ ಒಂದು ಪದರ ಮಾತ್ರ, ದೋಸೆಗೆ ಚಟ್ನಿ ಸವರಿದ ಹಾಗೆ.

ಇದನ್ನೆಲ್ಲ ಮಾಡಿಸಿದ ದುಡ್ಡು ಕುರಿ ಉಣ್ಣೆಯದು. ಜಾನ್ ಟೇಮ್ ಅನ್ನುವ ಉಣ್ಣೆ ವ್ಯಾಪಾರಿ ಹಳೇ ಚರ್ಚನ್ನು ಹೊಸದಾಗಿ ಕಟ್ಟಿಸಿದ. ಅವನು 1500ರಲ್ಲಿ ತೀರಿಕೊಂಡ, ಮಗ ಎಡ್ಮಂಡ್ ಕೆಲಸ ಮುಗಿಸಿದ. ಗಾಜಿನ ಕೆಲಸಕ್ಕೆ ರಾಜನಿಗೆ ಗಾಜು ಮಾಡಿಕೊಡುತ್ತಿದ್ದ ಬರ್ನಾರ್ಡ್ ಫ್ಲವರ್‌ನ ಹೆಸರು ಹೇಳುತ್ತಾರೆ. ಜಾನ್ ಟೇಮ್‌ನ ಸಮಾಧಿ ಒಳಗೇ ಇದೆ, ಪೂರ್ವದ ತುದಿಯಲ್ಲಿ. ನಾವು ಅದನ್ನು ದಾಟಿ ನಡೆದೆವು. ಸಮಾಧಿ ಎಲ್ಲೂ ನೋಡಬಹುದು.

ಮಧ್ಯಾಹ್ನ ಕೋಲ್ನ್ ಹೊಳೆ ದಂಡೆಯಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು ವಾಪಸ್ ಬಂದಾಗ ದಕ್ಷಿಣದ ಗೋಡೆ ಉರಿಯುತ್ತಿತ್ತು. ತಲೆ ಎತ್ತಿ ಮೇಲಿನ ಸಾಲಿನ ಕಿಟಕಿಗಳನ್ನು ನೋಡಿದ್ದು ಆಗಲೇ. ದಕ್ಷಿಣಕ್ಕೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು, ಅವರ ನೆತ್ತಿಯ ಮೇಲೆ ದೇವದೂತರು. ಎದುರಿಗೆ ಉತ್ತರದ ಸಾಲಿನಲ್ಲಿ ಅವರಿಗೆ ಹಿಂಸೆ ಕೊಟ್ಟ ದೊರೆಗಳು, ಅವರ ಮೇಲೆ ಪುಟ್ಟ ಪುಟ್ಟ ದೆವ್ವಗಳು. ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆದರೆ ಅಲ್ಲಿ ಕೂತಾಗ ಕಂಡದ್ದು ಬೇರೆ. ಒಳ್ಳೆಯವರ ಮೈತುಂಬ ಬಿಸಿಲು, ಕೆಟ್ಟವರ ಮೇಲೆ ಒಂದು ಕಿರಣವೂ ಇಲ್ಲ. ಈ ದೇಶದಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ಬೀಳೋದು ಕಷ್ಟ. ಐನೂರು ವರ್ಷದಿಂದ ಅವರನ್ನು ನೆರಳಲ್ಲೇ ಕೂರಿಸಿದ್ದಾರೆ.

ಮೂರೂವರೆಗೆ ಪಶ್ಚಿಮದ ದೊಡ್ಡ ಕಿಟಕಿಗೆ ಬೆಳಕು ಬಂತು. ಇದರ ಮೇಲಿನ ಅರ್ಧ ಹೊಸದು. 1703ರ ನವೆಂಬರ್‌ನ ಬಿರುಗಾಳಿಗೆ ಈ ಗೋಡೆಯ ಕಿಟಕಿಗಳು ಪೆಟ್ಟು ತಿಂದಿದ್ದವು, ಮೇಲ್ಭಾಗವನ್ನು 19ನೇ ಶತಮಾನದಲ್ಲಿ ಬದಲಾಯಿಸಿದರು. ನಿಜ ಹೇಳಬೇಕೆಂದರೆ ಬೈನಾಕ್ಯುಲರ್ ಇಲ್ಲದೆಯೇ ಗೊತ್ತಾಗುತ್ತದೆ, ಮೇಲಿನದು ಕ್ಯಾಲೆಂಡರ್ ಚಿತ್ರದ ತರ. ಜೀವ ಇರುವುದು ಕೆಳಗಿನ ಅರ್ಧದಲ್ಲಿ. ನಡುವೆ ಮೈಕೇಲ್ ದೇವದೂತ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ. "ಚಿತ್ರಗುಪ್ತ" ಅಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ. ಎಡಕ್ಕೆ ಸ್ವರ್ಗದ ಬಾಗಿಲಲ್ಲಿ ಕೀಲಿಕೈ ಹಿಡಿದ ಪೀಟರ್. ಬಲಕ್ಕೆ ಕೆಂಪೋ ಕೆಂಪು ನರಕ. ಅಲ್ಲಿ ಒಂದು ನೀಲಿ ದೆವ್ವ ಹೆಂಗಸೊಬ್ಬಳನ್ನು ಒಂಟಿಚಕ್ರದ ಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದೆ, ಸಂತೆಗೆ ಮೂಟೆ ಒಯ್ಯೋ ಹಾಗೆ. ಗಂಡನಿಗೆ ಬೈಯುತ್ತಿದ್ದವಳಂತೆ. ಅಮ್ಮ ಬೈನಾಕ್ಯುಲರ್ ಇಸಕೊಂಡು ತುಂಬಾ ಹೊತ್ತು ನೋಡಿದಳು. "ನಡೆಸದೆ ಗಾಡೀಲಿ ಕರ್ಕೊಂಡು ಹೋಗ್ತಿದಾನಲ್ಲ, ಪುಣ್ಯ" ಅಂದಳು.

ಅಷ್ಟರಲ್ಲಿ ಆ ಕೆಂಪು ಇಳಿದು ಬಂದು ಅವಳ ಬಿಳಿ ಸ್ವೆಟರ್ ಮೇಲೆ ಕೂತಿತ್ತು. ಆಗ ಮಾತ್ರ ಮೊಬೈಲ್ ತೆಗೆದೆ.

ಇಷ್ಟು ಗಾಜು ಹೇಗೆ ಉಳಿಯಿತು? ಚರ್ಚಿನಲ್ಲಿ ಚಿತ್ರ, ವಿಗ್ರಹ ಬೇಡ ಅಂದ 16ನೇ ಶತಮಾನದ ಧರ್ಮ ಸುಧಾರಣೆಯಲ್ಲಿ, ಮತ್ತೆ 1640ರ ದಶಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಎಷ್ಟೋ ಚರ್ಚುಗಳ ಗಾಜು ಪುಡಿಯಾಯಿತು. ಇಲ್ಲಿ ಹೇಗೆ ತಪ್ಪಿಸಿಕೊಂಡಿತು ಅಂತ ಊರಿನವರ ಬಳಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಎರಡನೇ ಮಹಾಯುದ್ಧದಲ್ಲಿ ಮಾತ್ರ ಬಾಂಬಿಗೆ ಹೆದರಿ ಬಿಚ್ಚಿ ಬಚ್ಚಿಟ್ಟಿದ್ದರು. ಈಗ ಹೊರಗಡೆ ಇನ್ನೊಂದು ಗಾಜಿನ ಪದರ ಇದೆ. ಮಳೆ ಗಾಳಿಯೆಲ್ಲ ಅದಕ್ಕೆ.

ಐದಕ್ಕೆ ಮುಂಚೆ ಹೊರಟೆವು. ಅಂಗಳದಲ್ಲಿ ಒಂದು ಪುಟ್ಟ ಕಲ್ಲಿನ ಬೆಕ್ಕು ಇದೆ. ಟಿಡಲ್ಸ್, ಚರ್ಚಿನ ಬೆಕ್ಕು, 1963ರಿಂದ 1980 ಅಂತ ಬರೆದಿದೆ. ಅಮ್ಮ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡಳು. ಹಾಸನದ ಫ್ಯಾಮಿಲಿ ಗ್ರೂಪಿಗೆ ಅವಳು ಕಳಿಸಿದ್ದು ಅದೊಂದೇ. ಚಿಕ್ಕಮ್ಮನ ಉತ್ತರ ಕಾರಿನಲ್ಲೇ ಬಂತು: "ಇಷ್ಟು ದೂರ ಹೋಗಿ ಬೆಕ್ಕು ನೋಡಿದ್ಯಾ ಅಕ್ಕಾ?"